ಬೆಚ್ಚನೆಯ ಬಿಳಿಗೆ ಮೊದಲು ಬಲ್ಬು, ಆಮೇಲೆ ಬಣ್ಣ

ಉತ್ತರ ಯುರೋಪಿನ ಮನೆಗಳ ಚಿತ್ರ ನೋಡಿ, ಅದೇ ಬೆಚ್ಚನೆಯ ಬಿಳಿ, ಅಂದರೆ ನಸು ಹಳದಿ ಅಥವಾ ಕೆಂಪು ಬೆರೆತ ಬಿಳಿ, ತಮ್ಮ ಗೋಡೆಗೂ ಬೇಕೆಂದು ಕರ್ನಾಟಕದಲ್ಲಿರುವ ಬಂಧುಗಳು ನನ್ನಲ್ಲಿ ಶೇಡಿನ ಸಂಖ್ಯೆ ಕೇಳುತ್ತಾರೆ. ನಾನು ಕೊಡುವುದಿಲ್ಲ. ನಾನಿರುವ ಇಲ್ಲಿ, ಉತ್ತರ ಯುರೋಪಿನಲ್ಲಿ, ಹಿತವಾಗಿ ಕಾಣುವ ಬಿಳಿ ಊರಿನ ಬೆಳಕಿಗೆ ಬಂದೊಡನೆ ಬೇರೆಯೇ ಬಣ್ಣವಾಗುತ್ತದೆ.

60 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಡಿಸೆಂಬರ್ ಮಧ್ಯಾಹ್ನದ ಸೂರ್ಯ ದಿಗಂತದಿಂದ ಸುಮಾರು 7 ಡಿಗ್ರಿಯಷ್ಟೇ ಮೇಲೇರುತ್ತಾನೆ. ಆಗ ಉತ್ತರಕ್ಕೆ ಕಿಟಕಿಯಿರುವ ಕೋಣೆಗೆ ದೊರೆಯುವುದು ಆಕಾಶದ ನೀಲಿ ಛಾಯೆಯ ಬೆಳಕು ಮಾತ್ರ. ಅಚ್ಚ ಬಿಳಿ ಅಲ್ಲಿ ಬೂದಿಯಂತೆ ಕಾಣುತ್ತದೆ. ಹಳದಿ ಅಥವಾ ಕೆಂಪಿನ ಸುಳಿವು ಬೆರೆಸಿದ ಬಿಳಿ ಆ ನೀಲಿಯನ್ನು ಸರಿದೂಗಿಸುತ್ತದೆ. ಕರ್ನಾಟಕದಲ್ಲಾದರೋ ಸೂರ್ಯ ವರ್ಷಕ್ಕೆರಡು ಬಾರಿ ನಡುನೆತ್ತಿಗೇ ಬರುತ್ತಾನೆ. ಬಿಸಿಲು ಅಂಗಳದ ಮಣ್ಣಿನಿಂದಲೂ ಕೋಣೆಯ ನೆಲದಿಂದಲೂ ಪುಟಿದು, ಬಣ್ಣ ಹೊತ್ತುಕೊಂಡೇ ಗೋಡೆ ಮುಟ್ಟುತ್ತದೆ. ನೆಲ ಕೆಂಪಾಗಿದ್ದರೆ ಗೋಡೆಯ ಕೆಳಭಾಗ ನಸುಗೆಂಪಾಗುವುದನ್ನು ಯಾರು ಬೇಕಾದರೂ ಗಮನಿಸಬಹುದು. ಅದರ ಮೇಲೆ ಬಣ್ಣದಲ್ಲೂ ಹಳದಿ ಸೇರಿದರೆ ಅತಿಯಾಗುತ್ತದೆ.

ರಾತ್ರಿಯ ಕಥೆ ಇನ್ನೂ ಮುಖ್ಯ. ದೀಪದ ಬೆಳಕಿನ ಛಾಯೆಯನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ; ಅಂಕಿ ಕಡಿಮೆಯಾದಷ್ಟೂ ಹಳದಿ, ಹೆಚ್ಚಾದಷ್ಟೂ ನೀಲಿ. ಇಲ್ಲಿನವರು ಮನೆಯಲ್ಲಿ ಹೆಚ್ಚಾಗಿ 2700 ಕೆಲ್ವಿನ್‌ನ ಹಳದಿ ದೀಪಗಳನ್ನು, ಅದೂ ಗಿಡ್ಡ ದೀಪಗಳಾಗಿ ಮೂಲೆಗಳಲ್ಲಿ ಇಡುತ್ತಾರೆ. ನಮ್ಮಲ್ಲಿ ಗೋಡೆಯ ಮೇಲ್ಭಾಗಕ್ಕೆ 6500 ಕೆಲ್ವಿನ್‌ನ ತಂಪು ಬಿಳಿ ಟ್ಯೂಬ್‌ಲೈಟ್ ಒಂದೇ ಸಾಕು ಎನ್ನುವ ರೂಢಿ ಇನ್ನೂ ಗಟ್ಟಿಯಾಗಿದೆ. ಆ ನೀಲಿ ಬೆಳಕಿನಲ್ಲಿ ಬೆಚ್ಚನೆಯ ಬಿಳಿ ಬೆಚ್ಚಗಿರುವುದಿಲ್ಲ. ತೊಳೆಯದ ಬಟ್ಟೆಯಂತೆ ಮಾಸಿ ಕಾಣುತ್ತದೆ. ಹಳದಿ ದೀಪದಡಿಯಲ್ಲಿ ಅಚ್ಚ ಬಿಳಿಯೂ ತಾನಾಗಿ ಬೆಚ್ಚಗಾಗುತ್ತದೆ. ಹಾಗಾಗಿ ಕೇಳಿದವರಿಗೆಲ್ಲ ನಾನು ಹೇಳುವುದಿಷ್ಟು: ಮೊದಲು ದೀಪ ಬದಲಿಸಿ, ಕೆಲವು ರಾತ್ರಿ ಅದರಲ್ಲೇ ಕುಳಿತು ನೋಡಿ. ಬಣ್ಣ ಬಳಿಸುವ ಅಗತ್ಯವೇ ಇಲ್ಲವೆಂದು ಅನ್ನಿಸಿದರೂ ಅನ್ನಿಸೀತು.

ಬಣ್ಣ ಆರಿಸುವ ಬಗೆಯಲ್ಲಿ ಇಲ್ಲಿನವರ ಸಾವಧಾನ ನನಗೆ ಬಹಳ ಮೆಚ್ಚುಗೆ. ಬೆರಳಗಲದ ಶೇಡ್ ಕಾರ್ಡನ್ನು ಅಂಗಡಿಯ ಬೆಳಕಿನಲ್ಲಿ ನೋಡಿ ತೀರ್ಮಾನಿಸುವುದಿಲ್ಲ. ದೊಡ್ಡ ರಟ್ಟಿಗೆ ಎರಡು ಕೋಟ್ ಬಳಿದು, ಸುತ್ತ ಬಿಳಿ ಅಂಚು ಬಿಟ್ಟು, ಬೆಳಿಗ್ಗೆ ಒಂದು ಗೋಡೆಗೆ, ಸಂಜೆ ಇನ್ನೊಂದಕ್ಕೆ ಒರಗಿಸುತ್ತಾರೆ. ಹಳೆಯ ಬಣ್ಣದ ಮೇಲೆ ನೇರವಾಗಿ ತೇಪೆ ಬಳಿದರೆ ಪಕ್ಕದ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಶೇಡಿನ ವಿವರದಲ್ಲಿ ಬೆಳಕಿನ ಪ್ರತಿಫಲನದ ಅಂಕಿ ಇದ್ದರೆ ಅದನ್ನೂ ನೋಡಿ. 0 ಕಡುಗಪ್ಪು, 100 ಪೂರ್ಣ ಬಿಳಿ. ಆದರೆ ಆ ಅಂಕಿ ಎಷ್ಟೇ ಹೆಚ್ಚಿದ್ದರೂ ಬೆಳಕೇ ಬಾರದ ಕೋಣೆಯನ್ನು ಬಿಳಿ ಬಣ್ಣ ಬೆಳಗಿಸಲಾರದು.

ಬಾಗಿಲ ಚೌಕಟ್ಟು, ಸೀಲಿಂಗ್ ಅಚ್ಚ ಬಿಳಿಯಾಗಿದ್ದರೆ ಪಕ್ಕದ ಬೆಚ್ಚನೆಯ ಬಿಳಿ ಹಳದಿಯಾಗಿ ಕಾಣುತ್ತದೆ. ಗೋಡೆಗೂ ಇವಕ್ಕೂ ಒಂದೇ ಬಿಳಿ ಸಾಕು.

ಹೊಳಪಿನ ವಿಷಯದಲ್ಲಿ ಮಾತ್ರ ನಾನು ಊರಿನವರ ಪರ. ಇಲ್ಲಿನವರು ಮೆಚ್ಚುವ ಹೊಳಪಿಲ್ಲದ ಮ್ಯಾಟ್ ಬಣ್ಣ ಗೋಡೆಯ ಉಬ್ಬುತಗ್ಗುಗಳನ್ನು ಮರೆಮಾಡುತ್ತದೆ, ನಿಜ. ಆದರೆ ಕಿಟಕಿ ಸದಾ ತೆರೆದಿರುವ, ಧೂಳು ಒಳಬರುವ, ಮಕ್ಕಳ ಕೈ ತಾಗುವ ಮನೆಗೆ ಒರೆಸಿದರೆ ಕಲೆಯುಳಿಯದ ನಸುಹೊಳಪಿನ ಬಣ್ಣವೇ ಸರಿ.