ಅವ್ವನ ಮಿಷನ್ನಿಗೆ ಕೈ ಹಾಕುವವರಿಗೆ

ನಿನ್ನೆ ಅವ್ವನ ಯೋಗಕ್ಷೇಮ ವಿಚಾರಿಸಲು ಬಂದ ನಮ್ಮ ಬೀಗರೊಬ್ಬರು, ನಾನು ಚಹಾ ತರಲು ಒಳಗೆ ಹೋಗಿ ಬರುವಷ್ಟರಲ್ಲಿ, ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಆಕೆಗೆ ಕೊಡುವ ಮಿಷನ್ನಾದ ಆಕ್ಸಿಜನ್ ಕಾನ್ಸನ್‌ಟ್ರೇಟರಿನ ನಾಬ್ ತಿರುಗಿಸಿ, ಕೊಳವೆಯೊಳಗೆ ಒಂದರ ಗೆರೆಯಲ್ಲಿ ತೇಲುತ್ತಿದ್ದ ಪುಟ್ಟ ಗುಂಡನ್ನು ನಾಲ್ಕಕ್ಕೆ ಏರಿಸಿಬಿಟ್ಟಿದ್ದರು. “ಇಷ್ಟು ರೊಕ್ಕ ಕೊಟ್ಟು ತಂದು ಒಂದರಾಗ ಇಟ್ಟೀರಲ್ಲ, ಗಾಳಿಗೂ ಜಿಪುಣತನ ಏನ್ರಿ?” ಎಂದು ನನ್ನನ್ನೇ ಕೇಳಿದರು. ರಕ್ತದಲ್ಲಿನ ಆಮ್ಲಜನಕದ ಶೇಕಡಾವಾರು ತೋರಿಸುವ, ಅವ್ವನ ಬೆರಳಿನ ಆಕ್ಸಿಮೀಟರಿನಲ್ಲಿ 97 ಮೂಡಿದಾಗ ಅವರ ಮುಖದಲ್ಲಿ ಎಂ.ಡಿ. ಪಾಸಾದ ಕಳೆ ಬಂದಿತ್ತು.

ಅವ್ವನಿಗೆ ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇರುವುದು ನಿಮಗೆಲ್ಲ ತಿಳಿದದ್ದೇ. ಆಕೆ ಬೀಡಿ ಮುಟ್ಟಿದವಳಲ್ಲ. ಸೌದೆ ಒಲೆಯ ಮುಂದೆ ಊದುಗೊಳವೆ ಹಿಡಿದು ಅರ್ಧ ಆಯುಷ್ಯ ಕಳೆದವಳು, ಮಿಕ್ಕದ್ದನ್ನು ನಮ್ಮ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆ ನೋಡಿಕೊಂಡಿತು. ಈ ಕಾಯಿಲೆ ಬಲಿತಾಗ ಉಸಿರು ಒಳಗೆಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದೇ ಹೆಚ್ಚು ಕಷ್ಟವಾಗುತ್ತದೆ. ಕೆಲವರಲ್ಲಿ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದುಬಿಡುತ್ತದೆ. ಅಂಥವರಿಗೆ ಅಳತೆ ಮೀರಿ ಆಮ್ಲಜನಕ ಕೊಟ್ಟರೆ ಆ ಇಂಗಾಲದ ಡೈಆಕ್ಸೈಡ್ ಇನ್ನೂ ಏರಿ ತಲೆನೋವು, ಮಂಪರು, ಕೊನೆಗೆ ಪ್ರಜ್ಞೆ ತಪ್ಪುವ ತನಕ ಹೋಗಬಹುದು. ಆದ್ದರಿಂದಲೇ ವೈದ್ಯರು ಅವ್ವನಿಗೆ ಆಕ್ಸಿಮೀಟರಿನ ಅಂಕಿ 88ರಿಂದ 92ರ ನಡುವೆ ಇದ್ದರೆ ಸಾಕೆಂದು ಗೊತ್ತುಮಾಡಿದ್ದಾರೆ. ಬೆರಳಿಗೆ ಸಿಕ್ಕಿಸುವ ಆ ಕ್ಲಿಪ್ಪು ಇಂಗಾಲದ ಡೈಆಕ್ಸೈಡಿನ ಲೆಕ್ಕ ತೋರಿಸುವುದೇ ಇಲ್ಲ. ಬೀಗರನ್ನು ಅಷ್ಟು ಹಿಗ್ಗಿಸಿದ 97 ನನ್ನ ಎದೆ ಹಾರಿಸಿದ್ದು ಇದಕ್ಕೇ.

“ಪ್ರೀತಿಯಿಂದ ಮಾಡಿದ್ದಾರೆ, ಬಿಡ್ರಿ” ಎಂದು ನನ್ನ ಹೆಂಡತಿ ಹೇಳುತ್ತಾಳೆ. ಪ್ರೀತಿ ಇದ್ದವರು ಮೋಸಂಬಿ ತರಲಿ, ಅವ್ವನ ಹಳೆಯ ಸುದ್ದಿಗಳನ್ನು ಕೇಳಲಿ, ಔಷಧದ ಪ್ರಮಾಣವನ್ನು ಮಾತ್ರ ಬದಲಿಸದಿರಲಿ. ಆಮ್ಲಜನಕವೂ ವೈದ್ಯರು ಬರೆದುಕೊಟ್ಟ ಔಷಧವೇ. ರಕ್ತದೊತ್ತಡದ ಮಾತ್ರೆಯನ್ನು ಒಂದರ ಬದಲು ನಾಲ್ಕು ನುಂಗಿಸಲು ಇದೇ ಬೀಗರಿಗೆ ಧೈರ್ಯ ಬರುತ್ತಿತ್ತೇ?

ಏದುಸಿರು ಬಿಡುವವರನ್ನು ಕಂಡು ಕೈಕಟ್ಟಿ ಕೂರುವುದು ಕಷ್ಟ, ಒಪ್ಪುತ್ತೇನೆ. ಕೂರಬೇಕಾಗಿಯೂ ಇಲ್ಲ. ಅವ್ವನನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಮೊಣಕೈಗಳನ್ನು ಟೇಬಲ್ಲಿನ ಮೇಲೆ ಊರಿಸಿ, ಮುಖಕ್ಕೆ ಫ್ಯಾನಿನ ಗಾಳಿ ಬರುವಂತೆ ಕೂರಿಸಿ, ತುಟಿ ಚೂಪು ಮಾಡಿ ನಿಧಾನವಾಗಿ ಉಸಿರು ಬಿಡಲು ಹೇಳಿದರೆ ಎಷ್ಟೋ ಸಲ ಅಷ್ಟರಲ್ಲೇ ತಹಬಂದಿಗೆ ಬರುತ್ತದೆ. ಹಾಗೆ ಉಸಿರು ಬಿಡುವುದನ್ನು ಫಿಸಿಯೋಥೆರಪಿಸ್ಟ್ ಕಲಿಸಲು ಬಂದಾಗ ಅವ್ವ ನಕ್ಕುಬಿಟ್ಟಿದ್ದಳು; ಊದುಗೊಳವೆ ಊದಿದ ತುಟಿಗೆ ಅದು ಹೊಸದೇನಾಗಿರಲಿಲ್ಲ. ಇಷ್ಟಕ್ಕೂ ಬಗ್ಗದಿದ್ದರೆ, ಇಲ್ಲವೇ ಅಂಕಿ 88ಕ್ಕಿಂತ ಕೆಳಗೆ ಇಳಿದರೆ, ಏನು ಮಾಡಬೇಕೆಂದು ವೈದ್ಯರು ಬರೆದುಕೊಟ್ಟ ಚೀಟಿ ಗೋಡೆಯ ಮೇಲೇ ಇದೆ. ಬೀಗರು ಅದಕ್ಕೆ ಬೆನ್ನು ಹಾಕಿ ಕುಳಿತಿದ್ದರು.

ನನ್ನ ಸಿಡುಕು ಹೆಚ್ಚಾಯಿತೆಂದು ಮನೆಯಲ್ಲಿ ದೂರು ಇದೆ. ರಾತ್ರಿ ಮಿಷನ್ನಿನ ಸದ್ದು ಚೂರು ಬದಲಾದರೂ ದಡಬಡಿಸಿ ಏಳುವವನಿಂದ ಹಸನ್ಮುಖವನ್ನು ನಿರೀಕ್ಷಿಸಬೇಡಿ.

ಈಗ ನಾಬಿನ ಮೇಲೆ ದಪ್ಪ ಪ್ಲಾಸ್ಟರ್ ಸುತ್ತಿದ್ದೇನೆ. ಬೀಗರಿಗೆ ಬೇಸರವಾಗಿದೆಯೆಂಬ ಸುದ್ದಿಯೂ ಬಂದಿದೆ. ದುಗ್ಗಮ್ಮನ ಜಾತ್ರೆಗೆ ಅವರನ್ನು ನಾನೇ ಹೋಗಿ ಕರೆದು ಬರುತ್ತೇನೆ. ಅವ್ವನ ಕೋಣೆಯಲ್ಲಿ ಮಾತ್ರ ಅವರ ಮತ್ತು ಮಿಷನ್ನಿನ ನಡುವಿನ ಕುರ್ಚಿ ನನ್ನದು.