ಸ್ಪಷ್ಟನೆ: ಹಾರ್ಡ್ ಡಿಸ್ಕಿನ ಬೋರ್ಡ್ ಬದಲಿಸಿದರೆ ಡೇಟಾ ಬಂದೇಬಿಡುತ್ತಾ?

‘ಹಾರ್ಡ್ ಡಿಸ್ಕಿನ ಹೊರಗಿರುವ ಸರ್ಕ್ಯೂಟ್ ಬೋರ್ಡ್ ಸುಟ್ಟರೆ ಅದೇ ಮಾಡೆಲ್‌ನ ಬೇರೆ ಡಿಸ್ಕಿನ ಬೋರ್ಡ್ ಹಾಕಿ, ಫೈಲ್ ಎಲ್ಲಾ ವಾಪಸ್ ಬರುತ್ತೆ’ ಅನ್ನುವ ಸಲಹೆ ಓಡಾಡುತ್ತಿದೆ. ತೀರಾ ಹಳೇ ಡಿಸ್ಕ್‌ಗಳಲ್ಲಿ ಇದು ಎಷ್ಟೋ ಸಲ ನಡೆಯುತ್ತಿತ್ತು. ಈಗಿನವುಗಳಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ.

ಫೈಲ್‌ಗಳು ಇರುವುದು ಒಳಗಿನ ತಟ್ಟೆಗಳ ಮೇಲೆ, ನಿಜ. ಆದರೆ ಬೋರ್ಡಿನ ಮೇಲೆ ಎಂಟು ಕಾಲಿನ ಪುಟ್ಟ ರೋಮ್ ಚಿಪ್ ಇರುತ್ತದೆ. ಆ ಒಂದು ಡಿಸ್ಕಿನ ಹೆಡ್‌ಗಳಿಗೆ (ತಟ್ಟೆಗಳನ್ನು ಓದುವ ಪುಟ್ಟ ಭಾಗಗಳಿಗೆ) ಹೊಂದುವ ಲೆಕ್ಕವನ್ನು ಕಾರ್ಖಾನೆಯಲ್ಲೇ ಅದರಲ್ಲಿ ಬರೆದಿರುತ್ತಾರೆ. ಬೇರೆ ಬೋರ್ಡ್ ಹಾಕಿದರೆ ಡಿಸ್ಕ್ ತಿರುಗಬಹುದು, ಆದರೆ ಟಕ್ ಟಕ್ ಅನ್ನುತ್ತಾ ಕೂರುತ್ತದೆ. ಡೇಟಾ ಸಿಗಬೇಕಾದರೆ ಎರಡೂ ಬೋರ್ಡಿನ ಮೇಲೆ ಅಚ್ಚಾದ ನಂಬರ್ ಹೊಂದಬೇಕು, ಹಳೇ ಚಿಪ್ಪನ್ನೂ ಬಿಸಿಗಾಳಿಯಲ್ಲಿ ಬಿಡಿಸಿ ಹೊಸದಕ್ಕೆ ಬೆಸೆಯಬೇಕು. ಕೆಲವು ಬೋರ್ಡ್‌ಗಳಲ್ಲಿ ಈ ಚಿಪ್ ಬೇರೆಯಾಗಿ ಇರುವುದೇ ಇಲ್ಲ. ಅಂಥವನ್ನು ಡೇಟಾ ರಿಕವರಿ ಗೊತ್ತಿರುವವರಿಗೇ ಕೊಡಿ.

ಇನ್ನೊಂದು ಮಾತು. 12 ವೋಲ್ಟ್‌ನ ಡಿಸ್ಕಿಗೆ ಲ್ಯಾಪ್‌ಟಾಪಿನ 19 ವೋಲ್ಟ್ ಚಾರ್ಜರ್ ಚುಚ್ಚಿ ಸುಟ್ಟಿದ್ದರೆ, ಬೋರ್ಡ್ ಬದಲಿಸುವ ಮುಂಚೆ ಕರೆಂಟ್ ಕನೆಕ್ಟರ್ ಹತ್ತಿರದ ಟಿವಿಎಸ್ ಡಯೋಡ್ (ಹೆಚ್ಚಿನ ವೋಲ್ಟೇಜ್‌ನಿಂದ ಬೋರ್ಡನ್ನು ಕಾಪಾಡುವ ಪುಟ್ಟ ಭಾಗ) ನೋಡಿಸಿ. ಉಳಿದ ಭಾಗಗಳನ್ನು ಕಾಪಾಡಲು ಎಷ್ಟೋ ಸಲ ಅದೇ ಶಾರ್ಟ್ ಆಗಿರುತ್ತದೆ. ಮಲ್ಟಿಮೀಟರ್ ಇಟ್ಟರೆ ಗೊತ್ತಾಗುತ್ತದೆ. ಬೇರೇನೂ ಸುಟ್ಟಿಲ್ಲದಿದ್ದರೆ, ಅದನ್ನು ತೆಗೆದ ಮೇಲೆ ಡಿಸ್ಕ್ ಓಡುವುದುಂಟು. ಆಗ ರಕ್ಷಣೆ ಇರುವುದಿಲ್ಲ, ಹಾಗಾಗಿ ಒಳ್ಳೇ ಪವರ್ ಸಪ್ಲೈ ಕೊಟ್ಟು ತಕ್ಷಣ ಎಲ್ಲ ಕಾಪಿ ಮಾಡಿಕೊಳ್ಳಿ.

ಮಕ್ಕಳ ಫೋಟೋ ಇರುವ ಡಿಸ್ಕಿನ ಮೇಲೆ ದಯವಿಟ್ಟು ಸುಮ್ನೆ ಪ್ರಯೋಗ ಬೇಡ. ಮುಚ್ಚಳವನ್ನಂತೂ ಬಿಚ್ಚಲೇಬೇಡಿ.