ಹೆಲಿಕಾಪ್ಟರ್ ಬಂದರೆ ಇಂಟರ್ವಲ್ ಅಲ್ಲ

ಯಲಹಂಕದ ಏರೋ ಇಂಡಿಯಾಗೆ ಹೋದವರು ಇದನ್ನು ನೋಡಿರುತ್ತಾರೆ. ಫೈಟರ್ ಜೆಟ್ ಬಂದಾಗ ಸಾವಿರಾರು ಕೈಗಳು ಮೇಲೇಳುತ್ತವೆ. ಫೋನು, ಕ್ಯಾಮೆರಾ, ಹೆಗಲ ಮೇಲಿನ ಮಗು, ಎಲ್ಲವೂ ಆಕಾಶದ ಕಡೆಗೆ. ಜೆಟ್ ಹೋಗಿ ಹೆಲಿಕಾಪ್ಟರ್ ಸದ್ದು ಕೇಳಿತೋ, ಕೈಗಳು ಇಳಿಯುತ್ತವೆ. ನೀರು ಕುಡಿಯುವವರು ಕುಡಿಯುತ್ತಾರೆ. ಟಾಯ್ಲೆಟ್ ಕ್ಯೂಗೆ ಓಡುವವರು ಓಡುತ್ತಾರೆ. ಒಟ್ಟಿನಲ್ಲಿ ಹೆಲಿಕಾಪ್ಟರ್ ಅಂದರೆ ಇಂಟರ್ವಲ್.

ನಾನು ಹೋಗುವುದೇ ಆ ಇಂಟರ್ವಲ್ ನೋಡೋಕೆ. ಇದನ್ನು ಹೇಳಿದರೆ ಗೆಳೆಯರು ನಗುತ್ತಾರೆ. ನಗಲಿ.

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. ಮೊದಲ ಸಲ ಹೋದಾಗ ಸ್ನೇಹಿತನ ಹತ್ತಿರ ದೊಡ್ಡ ಲೆನ್ಸ್ ಇಸ್ಕೊಂಡು ಹೋಗಿದ್ದೆ. ಜೆಟ್‌ಗೆ ಇಟ್ಟಿದ್ದ 1/2000 ಶಟರ್‌ನಲ್ಲೇ, ಅಂದರೆ ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ ಮಾತ್ರ ತೆರೆಯುವ ಶಟರ್‌ನಲ್ಲೇ, ಹೆಲಿಕಾಪ್ಟರನ್ನೂ ಹೊಡೆದೆ. ಮನೆಗೆ ಬಂದು ನೋಡಿದರೆ ಬ್ಲೇಡುಗಳೆಲ್ಲ ಗರ ಬಡಿದಂತೆ ನಿಂತಿವೆ. ಹಾರುತ್ತಿರುವ ಹೆಲಿಕಾಪ್ಟರ್ ಅಲ್ಲ ಅದು, ಸೂರಿಗೆ ದಾರ ಕಟ್ಟಿ ತೂಗುಬಿಟ್ಟ ಆಟಿಕೆ. ಫೋಟೋ ಏನೋ ಚೂಪಾಗಿಯೇ ಬಂದಿತ್ತು. ಜೀವವೇ ಇರಲಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. ರಷ್ಯಾದ ದೊಡ್ಡ ಹೆಲಿಕಾಪ್ಟರ್ ಎಂಐ-17ರ ಐದು ಬ್ಲೇಡಿನ ರೋಟರ್ ನಿಮಿಷಕ್ಕೆ 192 ಸುತ್ತು ಹೊಡೆಯುತ್ತದೆ. ಅಂದರೆ ಸೆಕೆಂಡಿಗೆ ಮೂರು ಚಿಲ್ಲರೆ. ಚಿಕ್ಕ ಹೆಲಿಕಾಪ್ಟರ್ ಚೇತಕ್‌ಗೆ ಇರುವುದು ಮೂರೇ ಬ್ಲೇಡು, ಆದರೆ ಅವು ನಿಮಿಷಕ್ಕೆ ಸುಮಾರು 350 ಸುತ್ತು. ಶಟರ್ 1/125ಕ್ಕೆ ಇಟ್ಟರೆ, ಅದು ತೆರೆದು ಮುಚ್ಚುವಷ್ಟರಲ್ಲಿ ಚೇತಕ್‌ನ ಬ್ಲೇಡು 17 ಡಿಗ್ರಿ ಸರಿದಿರುತ್ತದೆ. ಎಂಐ-17ರದ್ದು 9 ಡಿಗ್ರಿ ಮಾತ್ರ. ಹಾಗಾಗಿ ಎರಡರಲ್ಲೂ ಒಂದೇ ಥರ ಸುತ್ತುವ ಭಾವ ಬರಬೇಕೆಂದರೆ ದೊಡ್ಡ ಹೆಲಿಕಾಪ್ಟರಿಗೆ ಶಟರ್ ಇನ್ನೂ ನಿಧಾನ ಬೇಕು, 1/60ರ ಹತ್ತಿರ. ನಾವು ಸಾಮಾನ್ಯವಾಗಿ ಉಲ್ಟಾ ಅಂದುಕೊಂಡಿರುತ್ತೇವೆ, ಅಲ್ವಾ?

1/60ರಲ್ಲಿ ಉದ್ದ ಲೆನ್ಸ್ ಹಿಡಿಯುವುದು ಬೇರೆಯೇ ಕಷ್ಟ. ಕಾಲು ಊರಿ, ಮೊಣಕೈ ಎದೆಗೆ ಒತ್ತಿ, ಸೊಂಟದಿಂದ ಮೇಲೆ ಮಾತ್ರ ತಿರುಗಬೇಕು. ಹೆಲಿಕಾಪ್ಟರ್ ಜೊತೆಜೊತೆಗೇ ತಿರುಗಬೇಕು. ಪಕ್ಕದವರ ಮೊಣಕೈ ತಾಗಿದರೆ ಮುಗೀತು. ನೂರು ಫೋಟೋ ಹೊಡೆದರೆ ನಾಲ್ಕೈದು ಉಳಿದರೆ ನನ್ನ ಪುಣ್ಯ. ಇನ್ನು ಫೆಬ್ರವರಿಯ ಬಿಳೀ ಆಕಾಶ. ಕ್ಯಾಮೆರಾ ಅದನ್ನು ನೋಡಿ ಬೆಳಕು ಜಾಸ್ತಿ ಇದೆ ಅಂದುಕೊಂಡು ಹೆಲಿಕಾಪ್ಟರನ್ನು ಕಾಗೆ ಮಾಡಿಬಿಡುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದರೆ ಬೆಳಕು ಎರಡರಷ್ಟು, ಏರಿಸಿಕೊಳ್ಳಲೇಬೇಕು. ಬಿಸಿಲು ಏರಿದ ಮೇಲೆ ರನ್‌ವೇ ಕಾವಿಗೆ ದೂರದ್ದೆಲ್ಲ ನೀರಿನಲ್ಲಿ ಕಂಡ ಹಾಗೆ ಅಲ್ಲಾಡುತ್ತದೆ. ಅದಕ್ಕೆ ಯಾವ ಲೆನ್ಸೂ ಮದ್ದಲ್ಲ, ಬೆಳಗ್ಗೆ ಬೇಗ ಹೋಗುವುದೊಂದೇ ದಾರಿ. ಹದ್ದುಗಳು ಬರಬಾರದು ಅಂತ ಸುತ್ತಮುತ್ತ ಮಾಂಸದಂಗಡಿಗಳನ್ನು ದಿನಗಟ್ಟಲೆ ಮುಚ್ಚಿಸುತ್ತಾರೆ. ಆದರೂ ನನ್ನ ಒಳ್ಳೆಯ ಫ್ರೇಮಿಗೆ ಒಂದು ಹದ್ದು ಬಂದೇ ಬರುತ್ತದೆ.

ನಾನು ಹೇಳೋಕೆ ಹೊರಟಿದ್ದು ಕ್ಯಾಮೆರಾ ವಿಷಯ ಅಲ್ಲ.

2023ರಲ್ಲಿ ನೆಲದ ಮೇಲೆ ನಿಲ್ಲಿಸಿದ್ದ ಒಂದು ಚೇತಕ್ ಹತ್ತಿರ ಹೋದೆ. ಅಲ್ಲಿ ನೆರಳಿನ ಆಸೆಗೆ ನಿಂತವರೇ ಜಾಸ್ತಿ. ಮುಂದಿದ್ದ ಬೋರ್ಡಿನಲ್ಲಿ ಉದ್ದ, ತೂಕ, ವೇಗ, ಎಷ್ಟು ಜನ ಕೂರಬಹುದು ಎಂದು ಬರೆದಿತ್ತು. ಅಷ್ಟೇ. ಪಕ್ಕದಲ್ಲಿ ಒಬ್ಬ ಹಿರಿಯರು ನಿಂತಿದ್ದರು. ವಾಯುಪಡೆಯಲ್ಲಿ ಟೆಕ್ನಿಷಿಯನ್ ಆಗಿದ್ದು ನಿವೃತ್ತರಾದವರು. ನಾನು ಬೋರ್ಡ್ ಓದಿ ಹೇಳಿದ್ದನ್ನು ಕೇಳಿ, "ಇದು ಮದುವೆ ಗಂಡಿನ ಎತ್ತರ, ತೂಕ ಹೇಳಿದ ಹಾಗಾಯ್ತು. ಏನು ಕೆಲಸ ಮಾಡ್ತಾನೆ ಅಂತ ಬರೆದೇ ಇಲ್ಲ" ಅಂದರು. ನಾನು ನಕ್ಕೆ. ಅವರು ನಗಲಿಲ್ಲ.

ನಿಜ ಅಲ್ವಾ? ಚೇತಕ್ ನಮ್ಮ ವಾಯುಪಡೆಗೆ ಬಂದಿದ್ದು 1962ರಲ್ಲಿ. ಮೂಲ ಹೆಸರು ಅಲುಯೆಟ್-3, ಫ್ರಾನ್ಸಿನದು. ಆಮೇಲೆ ಬೆಂಗಳೂರಿನಲ್ಲೇ ಎಚ್‌ಎಎಲ್ ಕಟ್ಟಲು ಶುರುಮಾಡಿತು. ಇದೇ ಜಾತಿಯ ಹೆಲಿಕಾಪ್ಟರಿಗೆ ರಾಕೆಟ್ ಮತ್ತು ಮಷಿನ್‌ಗನ್ ಕಟ್ಟಿ, ಬಾಂಗ್ಲಾ ವಿಮೋಚನೆಯ ಹೊತ್ತಿಗೆ ನಾಗಾಲ್ಯಾಂಡಿನ ದಿಮಾಪುರದಲ್ಲಿ ಹುಟ್ಟಿದ ಪುಟ್ಟ ಬಾಂಗ್ಲಾದೇಶ ವಾಯುಪಡೆಗೆ ಕೊಡಲಾಗಿತ್ತು. 'ಕಿಲೋ ಫ್ಲೈಟ್' ಅಂತ ಅದರ ಹೆಸರು. 1971ರ ಡಿಸೆಂಬರ್ 3ರ ರಾತ್ರಿ ಅದು ಢಾಕಾ ಬಳಿಯ ನಾರಾಯಣಗಂಜ್‌ನ ತೈಲ ಡಿಪೋಗೆ ಬೆಂಕಿ ಹಚ್ಚಿತು. 1978ರ ಅಕ್ಟೋಬರ್‌ನಲ್ಲಿ ಸಿಯಾಚಿನ್ ಹಿಮನದಿಯ ಮೇಲೆ ಇಳಿದ ನಮ್ಮ ವಾಯುಪಡೆಯ ಮೊದಲ ಹೆಲಿಕಾಪ್ಟರ್ ಕೂಡ ಚೇತಕ್ಕೇ. ನೌಕಾಪಡೆಯ ಹಡಗುಗಳ ಡೆಕ್ ಮೇಲೆ ಇಳಿದಿದೆ. ಗಾಯಾಳುಗಳನ್ನು ಹೊತ್ತಿದೆ. ಹೊಸ ಪೈಲಟ್‌ಗಳಿಗೆ ಪಾಠ ಹೇಳಿದೆ. ಇದರಲ್ಲಿ ಒಂದೇ ಒಂದು ಸಾಲು ಆ ಬೋರ್ಡಿನಲ್ಲಿದ್ದರೆ, ನೆರಳಿಗೆ ನಿಂತವರಲ್ಲಿ ಇಬ್ಬರಾದರೂ ತಲೆಯೆತ್ತಿ ನೋಡುತ್ತಿದ್ದರು.

ಚೇತಕ್‌ನ ತಮ್ಮ ಚೀತಾ. ಬಾಲ ನೋಡಿದರೆ ಗುರುತು ಸಿಗುತ್ತದೆ. ಚೇತಕ್‌ನ ಬಾಲಕ್ಕೆ ಹೊದಿಕೆ ಇದೆ. ಚೀತಾದ್ದು ಬರೀ ಕಂಬಿಗಳ ಚೌಕಟ್ಟು, ಆಕಾಶ ಆಚೆಯಿಂದ ಕಾಣುತ್ತದೆ. ಫೋಟೋಗೆ ನನಗೆ ಇದೇ ಇಷ್ಟ. ಅಲುಯೆಟ್-2ರ ಹಗುರವಾದ ಮೈಗೆ ಅಲುಯೆಟ್-3ರ ಎಂಜಿನ್ ಮತ್ತು ರೋಟರ್ ಜೋಡಿಸಿ, ಮುಖ್ಯವಾಗಿ ನಮ್ಮ ಹಿಮಾಲಯದ ಅಗತ್ಯಕ್ಕೆಂದೇ ಮಾಡಿದ ಹೆಲಿಕಾಪ್ಟರ್ ಇದು. ಇದರ ಫ್ರೆಂಚ್ ರೂಪ 'ಲಾಮಾ'. 1972ರ ಜೂನ್ 21ರಂದು ಜ್ಯಾಂ ಬುಲೆ ಎಂಬ ಪೈಲಟ್ ಅದನ್ನು 12,442 ಮೀಟರ್ ಎತ್ತರಕ್ಕೆ ಕೊಂಡೊಯ್ದ. ಮೇಲೆ ಎಂಜಿನ್ ಆರಿಹೋಯಿತು, ಮತ್ತೆ ಹೊತ್ತಲಿಲ್ಲ. ಗಾಳಿಗೆ ತಿರುಗುವ ರೋಟರನ್ನೇ ನಂಬಿಕೊಂಡು ಅಷ್ಟು ಎತ್ತರದಿಂದ ನೆಲದವರೆಗೆ ಇಳಿದು ಬಂದ.

ಸಿಯಾಚಿನ್‌ನ ಅತಿ ಎತ್ತರದ ಪೋಸ್ಟ್‌ಗಳಿಗೆ ಚೀತಾ ಒಂದು ಸಲಕ್ಕೆ ಹೊರುವುದು ಒಂದೆರಡು ಕ್ಯಾನ್ ಸೀಮೆಎಣ್ಣೆಯಷ್ಟೇ ಭಾರ. ಅಲ್ಲಿ ಗಾಳಿಯೇ ತೆಳುವು. ರೋಟರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಎಂಜಿನ್ ನಿಲ್ಲಿಸದೆ, ಕೆಲವೇ ಸೆಕೆಂಡಿನಲ್ಲಿ ಸಾಮಾನು ಇಳಿಸಿ ಹೊರಡಬೇಕು. 1984ರಲ್ಲಿ ಸಿಯಾಚಿನ್ ಹಿಡಿಯಲು ಆಪರೇಷನ್ ಮೇಘದೂತ್ ಶುರುವಾದಾಗಿನಿಂದ ನಡೆದುಬಂದ ಕೆಲಸ ಇದು.

ಇಲ್ಲಿ ನಾನು ನನ್ನ ಪ್ರೀತಿಗೇ ಸ್ವಲ್ಪ ಅಡ್ಡ ಮಾತಾಡಬೇಕು. ಹಳೆಯ ಹೆಲಿಕಾಪ್ಟರ್ ಕ್ಯಾಮೆರಾಗೆ ಚೆಂದ. ಹಾರಿಸುವವರಿಗೆ? ಕೆಲ ವರ್ಷಗಳ ಹಿಂದೆ ಸೇನಾ ಅಧಿಕಾರಿಗಳ ಪತ್ನಿಯರೇ ಒಟ್ಟಾಗಿ, ಈ ಚೇತಕ್-ಚೀತಾಗಳನ್ನು ನಿಲ್ಲಿಸಿ ಎಂದು ರಕ್ಷಣಾ ಸಚಿವರವರೆಗೆ ಹೋಗಿದ್ದರು. ಅದನ್ನು ಓದಿದ ಮೇಲೆ 'ಹಳೇ ಹುಲಿ' ಅಂತೆಲ್ಲ ಫೋಟೋ ಕೆಳಗೆ ಬರೆಯುವುದನ್ನು ಬಿಟ್ಟಿದ್ದೇನೆ. ನನಗೆ ಅದು ನಾಸ್ಟಾಲ್ಜಿಯಾ. ಅವರಿಗೆ ಸಂಜೆ ಫೋನ್ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆ.

ಎಂಐ-17 ನೋಡಿದಾಗಲೂ ಸುಮ್ನೆ ಕ್ಲಿಕ್ ಮಾಡೋಕೆ ಆಗುವುದಿಲ್ಲ. 1999ರ ಮೇ 28ರಂದು ಕಾರ್ಗಿಲ್‌ನ ತೋಲೋಲಿಂಗ್ ಬಳಿ ಒಂದನ್ನು ಕ್ಷಿಪಣಿ ಹೊಡೆದು ಬೀಳಿಸಿತು. ಒಳಗಿದ್ದ ನಾಲ್ವರೂ ತೀರಿಕೊಂಡರು. ಆಮೇಲೆ ಅಲ್ಲಿ ದಾಳಿಗೆ ಎಂಐ-17 ಬಳಸುವುದನ್ನೇ ನಿಲ್ಲಿಸಿದರು. ಅಷ್ಟು ಎತ್ತರದಲ್ಲಿ ಹೋರಾಡುವಂಥ ನಮ್ಮದೇ ಹೆಲಿಕಾಪ್ಟರ್ ಬೇಕು ಎನ್ನುವ ಮಾತು ಗಟ್ಟಿಯಾಗಿದ್ದು ಆ ಯುದ್ಧದಿಂದಲೇ. ಅದರ ಫಲವಾದ 'ಪ್ರಚಂಡ' ಮೊದಲು ಹಾರಿದ್ದು 2010ರಲ್ಲಿ. ಜೋಧ್‌ಪುರದಲ್ಲಿ ವಾಯುಪಡೆಗೆ ಸೇರಿದ್ದು 2022ರ ಅಕ್ಟೋಬರ್ 3ರಂದು. ಕಾರ್ಗಿಲ್ ಕಳೆದು 23 ವರ್ಷ! ಏರ್ ಶೋನಲ್ಲಿ ಪ್ರಚಂಡ ಮೂಗು ಕೆಳಗೆ ಮಾಡಿ ಬರುವಾಗ ಜನ ಚಪ್ಪಾಳೆ ಹೊಡೆಯುತ್ತಾರೆ. ನನಗೆ ಅದರ ಹಿಂದೆ ಆ ಎಂಐ-17 ನೆನಪಾಗುತ್ತದೆ. ಎಂಐ-17ರ ಅಣ್ಣ ಎಂಐ-8ಕ್ಕೆ 2017ರ ಡಿಸೆಂಬರ್‌ನಲ್ಲಿ ವಿದಾಯ ಹೇಳಿದ್ದು ಇದೇ ಯಲಹಂಕದಲ್ಲಿ. ನಮ್ಮೂರಲ್ಲೇ ನಡೆದರೂ ನನಗೆ ಗೊತ್ತಾಗಿದ್ದು ಮಾರನೇ ದಿನ ಪೇಪರ್ ನೋಡಿ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇನ್ನು ಸಾರಂಗ್, ವಾಯುಪಡೆಯ ಹೆಲಿಕಾಪ್ಟರ್ ಪ್ರದರ್ಶನ ತಂಡ. ಎಲ್ಲವೂ ನವಿಲಿನ ಬಣ್ಣದ ಧ್ರುವ್ ಹೆಲಿಕಾಪ್ಟರ್‌ಗಳು. ನಮ್ಮ ಊರಿನ ಕೂಸು ಧ್ರುವ್, 1992ರ ಆಗಸ್ಟ್ 20ರಂದು ಇಲ್ಲೇ ಮೊದಲು ಹಾರಿತು. ಸಾರಂಗ್ ತಂಡ ಕಟ್ಟಿದ್ದು 2003ರಲ್ಲಿ. ಎದುರುಬದುರು ಬಂದು ಒಂದನ್ನೊಂದು ದಾಟುವ ಕ್ಷಣಕ್ಕೆ ಇಂಟರ್ವಲ್‌ಗೆ ಹೋದವರೂ ಓಡಿ ಬರುತ್ತಾರೆ. ಆದರೆ 2007ರ ಫೆಬ್ರವರಿ 2ರಂದು ಯಲಹಂಕದಲ್ಲಿ ಶೋಗಾಗಿ ಅಭ್ಯಾಸ ಮಾಡುವಾಗಲೇ ಒಂದು ಬಿತ್ತು. ಒಬ್ಬ ಪೈಲಟ್ ಹೋದರು. 2013ರಲ್ಲಿ ಉತ್ತರಾಖಂಡದ ಪ್ರವಾಹ ಬಂದಾಗ ಇದೇ ಬಣ್ಣದ ಹೆಲಿಕಾಪ್ಟರ್‌ಗಳು ಜನರನ್ನು ಎತ್ತಲು ಹೋದವು. 2018ರ ಕೇರಳದ ಪ್ರವಾಹಕ್ಕೂ ಹೋದವು. ಚಾವಣಿ ಮೇಲೆ ನಿಂತು ಕಾಯುತ್ತಿದ್ದವರಿಗೆ ಅದು ನವಿಲಾಗಿ ಕಂಡಿತೋ ದೇವರಾಗಿ ಕಂಡಿತೋ.

2025ರ ಶೋಗೆ ನಾನು ಸಾರಂಗ್‌ಗೋಸ್ಕರವೇ ಬ್ಯಾಟರಿ ಉಳಿಸಿಕೊಂಡು ಕೂರಬೇಕು ಅಂದುಕೊಂಡಿದ್ದೆ. ಜನವರಿ 5ರಂದು ಪೋರಬಂದರ್‌ನಲ್ಲಿ ಕೋಸ್ಟ್ ಗಾರ್ಡ್‌ನ ಧ್ರುವ್ ಬಿದ್ದು ಮೂವರು ತೀರಿಕೊಂಡರು. ಧ್ರುವ್‌ಗಳನ್ನೆಲ್ಲ ನೆಲಕ್ಕೆ ಇಳಿಸಿದರು. ಸಾರಂಗ್ ಬರಲಿಲ್ಲ. ಆ ವರ್ಷ ಎಲ್ಲರ ಕಣ್ಣು ರಷ್ಯಾದ ಸು-57 ಮತ್ತು ಅಮೆರಿಕದ ಎಫ್-35 ಫೈಟರ್ ಜೆಟ್‌ಗಳ ಮೇಲೆ. ನವಿಲು ಬಂದಿಲ್ಲ ಅಂತ ನನ್ನ ಪಕ್ಕದಲ್ಲಿ ಯಾರೂ ಕೇಳಲಿಲ್ಲ. ನಿಲ್ಲಿಸಿದ್ದು ಸರಿಯಾದ ತೀರ್ಮಾನ ಎಂದೇ ನನ್ನ ಅಭಿಪ್ರಾಯ. ಯಾಕೆ ಬಂದಿಲ್ಲ ಅಂತ ನೋಡುವವರಿಗೆ ಗೊತ್ತಾಗಿದ್ದರೆ ಚೆನ್ನಾಗಿರುತ್ತಿತ್ತು, ಅಷ್ಟೇ.

ಆ ಹಿರಿಯರ ಮಾತು ಬಾಕಿ ಇದೆ. 2023ರಲ್ಲಿ ಚೇತಕ್ ಬಾಗಿಲ ಹತ್ತಿರ ಅವರನ್ನು ನಿಲ್ಲಿಸಿ ಫೋಟೋ ತೆಗೆದೆ. ಬೆಳಕು ಚೆನ್ನಾಗಿತ್ತು. ಅವರು ಕ್ಯಾಮೆರಾ ಕಡೆ ನೋಡದೆ ಎಂಜಿನ್ ಕಡೆ ನೋಡುತ್ತಿದ್ದರು. ನನಗಂತೂ ಬಹಳ ಹಿಡಿಸಿತು. ರಾತ್ರಿ ವಾಟ್ಸಾಪ್ ಮಾಡಿದೆ. ಹೊಗಳುತ್ತಾರೆ ಅಂದುಕೊಂಡಿದ್ದೆ. ಬಂದಿದ್ದು ಒಂದೇ ಪ್ರಶ್ನೆ: "ಬಾಲದ ನಂಬರ್ ಇರೋದು ಇದೆಯಾ?"

ಝಡ್ ಅಕ್ಷರದಿಂದ ಶುರುವಾಗುವ ಆ ನಂಬರ್. ಅದೊಂದಿದ್ದರೆ ಆ ಚೇತಕ್ ತಾವು ಕೆಲಸ ಮಾಡಿದ್ದೋ ಅಲ್ಲವೋ ಎಂದು ತಮ್ಮ ಹಳೇ ಡೈರಿಯಲ್ಲಿ ನೋಡುತ್ತಿದ್ದರಂತೆ. ಅವತ್ತು ಅಲ್ಲಿ ನಿಂತಾಗ ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದರು. ನಾನು ತೆಗೆದ ಮೂವತ್ತೆರಡು ಫೋಟೋಗಳನ್ನೂ ಹುಡುಕಿದೆ. ಫ್ರೇಮ್ ಚೆನ್ನಾಗಿ ಬರಲಿ ಅಂತ ಎಲ್ಲದರಲ್ಲೂ ಬಾಲ ಕತ್ತರಿಸಿದ್ದೆ.